ಎಡ, ಬಲ

ಊರ ಗೋಡೆಗಳಿಗೆ ಊರವರದೇ ಮುಖ ಬರೆಯಲು
ಬಲದಿಯಾದವರು ಮಸ್ಕತ್ತಿನಿಂದ ಕರೆಸಿದ ಹುಡುಗಿ ರಯ್ಯಾ
ನನ್ನ ಸಲೂನಿನ ಬಾಗಿಲಲ್ಲಿ ನಿಂತು ಕೇಳಿದಳು:
ಫಲಜ್ ನೀರಿನ ಸರದಿ ಹಂಚುತ್ತಿದ್ದ ಖಲ್ಫಾನ್ ಮುದುಕನ ಮಚ್ಚೆ
ಯಾವ ಕೆನ್ನೆಯಲ್ಲಿತ್ತು?
ಬತಾಕದಲ್ಲೊಂದು ಫೋಟೋ ಇದೆಯಂತೆ,
ಮಾಸಿ, ಗಡ್ಡವಷ್ಟೇ ಉಳಿದಿದೆ.

ಇಪ್ಪತ್ತಾರು ವರ್ಷ ಆ ಗಡ್ಡ ಹಿಡಿದ ಕೈ ಇದು.
ಶಿರ್ವದ ಭಂಡಾರಿಗೆ ಈ ಊರಲ್ಲಿ ಗೊತ್ತಿರುವುದೇ ಅಷ್ಟು:
ಯಾರ ಸುಳಿ ಎತ್ತ ತಿರುಗುತ್ತದೆ,
ಯಾರ ಕಿವಿಯ ಹಿಂದೆ ಒಂಟೆ ಒದ್ದ ಗಾಯ.
ಬಲ, ಅಂದೆ.
ಯೋಚಿಸಲೂ ಇಲ್ಲ.

ಆಮೇಲೆ ಏಣಿ, ಡಬ್ಬಿ, ಬಿಸಿಗಾಳಿ, ಬಣ್ಣಕ್ಕಂಟಿದ ಮರಳು.
ಬೇಕರಿಯ ಪಕ್ಕ ಸೂಲಗಿತ್ತಿ ಝುವೈನಾ ಎದ್ದು ನಿಂತಳು,
ಪೆಟ್ರೋಲ್ ಪಂಪಿನ ಬೆನ್ನಿಗೆ ಶಾಲೆ ಬಸ್ಸಿನ ಡ್ರೈವರು.
ಖರ್ಜೂರದ ಗೋದಾಮಿನ ಮೇಲೆ ಖಲ್ಫಾನ್,
ಮೂರಾಳೆತ್ತರ,
ಕೈಯಲ್ಲಿ ನೆರಳು ಅಳೆಯುವ ಕೋಲು.

ಅವನ ಹೆಂಡತಿ ಶಮ್ಸಾ ಬಂದಳು,
ಮೊಮ್ಮಗನ ಭುಜ ಹಿಡಿದು.
ನೋಡಿದಳು. ನೋಡುತ್ತಲೇ ಇದ್ದಳು.
ಮಚ್ಚೆ ಎಡಕ್ಕಿತ್ತು, ಅಂದಳು.

ಆಗ ಹೊಳೆಯಿತು,
ಅವನ ಬೆನ್ನಿಗೆ ನಿಂತು ನಾನು ಮಾತಾಡಿದ್ದೆಲ್ಲ
ಕನ್ನಡಿಯೊಳಗಿನ ಅವನ ಜೊತೆ.

ರಯ್ಯಾ ಏಣಿ ಎಳೆದಳು.
ಬಿಡು ಮಗಳೇ, ಅಂದಳು ಮುದುಕಿ,
ತನ್ನನ್ನು ತಾನು ನೋಡಿಕೊಂಡಾಗೆಲ್ಲ
ಅವನಿಗೆ ಕಂಡದ್ದು ಇದೇ ಮುಖ.
ನಾನೂ ಇವತ್ತೇ ನೋಡಿದ್ದು.

ಮತ್ತೆ ನನ್ನತ್ತ ತಿರುಗಿ, ನಗು ತಡೆಯುತ್ತಾ:
ಇನ್ನೂ ಯಾರ್ಯಾರನ್ನು
ಹೀಗೆ ತಿರುಗಿಸಿ ಇಟ್ಟುಕೊಂಡಿದ್ದೀಯ, ಹಲ್ಲಾಕ್?