ಮಂಗಳವಾರದ ವಿಳಾಸ

ಎಲ್ಮಿನಾದಲ್ಲಿ ಮಂಗಳವಾರ ಯಾರೂ ಕಡಲಿಗಿಳಿಯುವುದಿಲ್ಲ.
ಅದು ಕಡಲಿನ ರಜೆ.
ದೋಣಿಗಳು ಬೆನ್ಯಾ ಹಿನ್ನೀರಿನಲ್ಲಿ ಮೈಗೆ ಮೈ ತಾಗಿಸಿ ನಿಲ್ಲುತ್ತವೆ,
ಬಲೆ ಹೊಲಿಯುವವರು ಕಾಲ್ಬೆರಳಿಗೆ ದಾರ ಸಿಕ್ಕಿಸಿ ಕೂರುತ್ತಾರೆ,
ನಾನು ಡಬ್ಬಿ ಬಿಚ್ಚುತ್ತೇನೆ:
ಕೆಂಪು, ಹಳದಿ, ಒಂದು ಹಟಮಾರಿ ನೀಲಿ.

ಮೂವತ್ತೊಂದು ವರ್ಷ ಬರೆದದ್ದೆಲ್ಲ ಬೇರೆಯವರ ಹೆಸರು.
ಅಜ್ಜಿಯರದು, ಪ್ರವಾದಿಗಳದು,
ಸಾಲ ಕೊಡದ ಭಾವನಿಗೆ ನಾಟಲೆಂದು ಒಂದು ಗಾದೆ,
ಯಾವುದೋ ಫುಟ್ಬಾಲ್ ತಂಡ.
ಎರಡು ವರ್ಷದಲ್ಲಿ ನೀರು ಎಲ್ಲವನ್ನೂ ನೆಕ್ಕಿ ಮುಗಿಸುತ್ತದೆ,
ಮತ್ತೆ ನನ್ನನ್ನೇ ಕರೆಯುತ್ತಾರೆ.
ಉಪ್ಪಿನ ಋಣ ಅಂದರೆ ನನ್ನ ಪಾಲಿಗೆ ಇದೇ.

ತಂಗಿಯ ಮಗಳು ಎಫುವಾ ಒಂದು ಸಂಜೆ
ನನ್ನ ಹೆಸರು ಕೊಂಡು ತಂದಳು.
"ಎಬೊ, ಒಂದು ಚುಕ್ಕಿ, ಕೊನೆಗೆ ದೇಶದ ಬಾಲ.
ಬೇರೆ ಏನೂ ಇಲ್ಲ ಮಾವ, ಬರೀ ನೀನು!
ಇಷ್ಟು ಚಿಕ್ಕದು ಯಾರಿಗೂ ಸಿಗುವುದಿಲ್ಲ ಈಗ."
ಮೊಬೈಲ್ ಚಾಚಿದಳು, ಹಸುಗೂಸು ತೋರಿಸುವ ಹಾಗೆ.

ಕೊಂಡದ್ದೋ, ಬಾಡಿಗೆಯೋ?
ವರ್ಷಕ್ಕೊಮ್ಮೆ ಕಟ್ಟಬೇಕು ಎಂದಳು.
ಹಾಗಾದರೆ ಬಾಡಿಗೆ.
ಅವ್ವ ಪುಕ್ಕಟೆ ಕೊಟ್ಟದ್ದಕ್ಕೆ
ಐವತ್ತೆಂಟನೆಯ ವಯಸ್ಸಿನಲ್ಲಿ ಬಾಡಿಗೆ.

ಅವ್ವನೂ ಯೋಚಿಸಿ ಇಟ್ಟದ್ದಲ್ಲ.
ಮಂಗಳವಾರ ಹುಟ್ಟಿದೆ, ಎಬೊ ಆದೆ, ಅಷ್ಟೆ.
ನಮ್ಮಲ್ಲಿ ಹೆಸರಿಡುವುದು ವಾರ.
ಬೀದಿಯಲ್ಲಿ ನಿಂತು ಎಬೊ ಎಂದು ಕೂಗಿ ನೋಡಿ:
ಮೀನಿಗೆ ಹೊಗೆ ಹಾಕುವ ಮನೆಗಳಿಂದ ನಾಲ್ವರು,
ಟ್ರಕ್ಕಿನಡಿಯಿಂದ ಒಬ್ಬ,
ಚರ್ಚಿನಿಂದ ಪಾದ್ರಿಯೇ ಹೊರಬರುತ್ತಾನೆ.
ವಾರದ ಏಳರಲ್ಲೊಂದನ್ನು ಈ ಹುಡುಗಿ
ನನ್ನೊಬ್ಬನ ಹೆಸರಿಗೆ ಬರೆಸಿಕೊಂಡು ಬಂದಿದ್ದಾಳೆ!

ಸುಳ್ಳೇಕೆ, ಹಿಗ್ಗಿದೆ.
ತಕೊರಾಡಿಯ ಹೋಟೆಲಿನವರು ಕರೆಸಿಕೊಂಡರು.
ಲೋಮೆಯ ಒಬ್ಬಾಕೆ ತನ್ನ ಅಂಗಡಿಗೆ ಆ ನೀಲಿಯೇ ಬೇಕೆಂದಳು.
ಮನೆತನ, ಕಸುಬು, ಯಾರ ಮಗ, ಒಂದನ್ನೂ ಕೇಳಲಿಲ್ಲ.
ದೊಡ್ಡ ಹೆಸರಿಗೆ ನೆನಪಿನಲ್ಲಿ ಕುರ್ಚಿ ಹಾಕಬೇಕು;
ಇದಕ್ಕೆ ಒಂದು ಮೊಳೆ ಸಾಕು.

ಆಮೇಲೆ ಬೇರೆ ಎಬೊಗಳ ಪತ್ರ ಬರತೊಡಗಿದವು.
ಒಬ್ಬನ ಎಕ್ಸ್‌ರೇ ಸಿದ್ಧವಾಗಿದೆ.
ಟೆಮಾ ಬಂದರಿನವನಿಗೆ ಕೆಲಸ ಸಿಕ್ಕಿದೆ, ಸೋಮವಾರ ಆರಕ್ಕೆ ಹಾಜರಾಗಬೇಕು.
ಒಬ್ಬಳು ಬರೆದಿದ್ದಾಳೆ:
ಎಬೊ, ಮಗು ನಿನ್ನ ಕಿವಿಯನ್ನೇ ಹೊತ್ತು ತಂದಿದೆ.
ಅಳಿಸಿಬಿಡು ಎಂದಳು ಎಫುವಾ.
ನಾನು ಎರಡು ಬೆರಳಿನಲ್ಲಿ ಒಂದೊಂದಕ್ಕೂ ಉತ್ತರ ಒತ್ತುತ್ತೇನೆ:
ತಾಯೀ, ಆ ಎಬೊ ನಾನಲ್ಲ.
ಕಿವಿ ಚೆನ್ನಾಗಿರಲಿ.

ಹೋದ ತಿಂಗಳು ಯಾವುದೋ ಕಂಪನಿಯವರು,
ಮಾತ್ರೆಗೋ ಮದ್ಯಕ್ಕೋ ಹೆಸರು ಹುಡುಕುತ್ತಿದ್ದವರು,
ಬೆಲೆ ಹೇಳಿದರು.
ಎಂಜಿನ್ ಸಮೇತ ಎರಡು ದೋಣಿ ಬಂದೀತು.
ಎಫುವಾ ಏನೂ ಅನ್ನಲಿಲ್ಲ,
ಮೂರು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು.
ಮಾರಿದರೆ ಹೆಸರು ಹೋಗುತ್ತದೆಯೇ?
ಬೀದಿಯಲ್ಲಿ ಕೂಗಿದರೆ ಆಗಲೂ ನಾನು ಹೊರಬರುವವನೇ.
ಇನ್ನೂ ಉತ್ತರ ಬರೆದಿಲ್ಲ.

ಇವತ್ತು ಬೆಳಿಗ್ಗೆ ಒಬ್ಬ ಹುಡುಗ ಓಡಿಬಂದ,
ಕಣ್ಣಲ್ಲಿ ರಾತ್ರಿಯ ನಿದ್ದೆ ಹಾಗೇ ಉಳಿದಿತ್ತು.
ಗಂಡು ಮಗು, ಈಗಷ್ಟೇ. ದೋಣಿಯ ಮೇಲೆ ಅವನ ಹೆಸರು ಬರೆ.
ಏನು ಹೆಸರೆಂದು ಕೇಳುವ ಗೋಜಿಲ್ಲ.
ಅಕ್ಷರಕ್ಕಿಷ್ಟು ಅಂತ ನನ್ನ ದರ; ನಮ್ಮ ಬರವಣಿಗೆಯಲ್ಲಿ ಮೂರೇ ಅಕ್ಷರ,
ಬಡವನಿಗೆ ಹಗುರ.
ನೀಲಿಯಲ್ಲಿ ಬರೆದೆ.
ಕೊನೆಯಲ್ಲಿ ಕೈ ತಡೆಯಿತು, ಒಂದು ಚುಕ್ಕಿ ಬಿತ್ತು.
ಅದೇನು ಎಂದ.
ಬಣ್ಣ ಸೋರಿದ್ದು ಎಂದೆ.