ಒಣ ಅಂಗೈ

ನಾಳೆಯಿಂದ ನೀನು ಕೂರುತ್ತೀಯಲ್ಲ, ಮುನಿರತ್ನ,
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ
ಹಳೆ ತಕ್ಕಡಿ ಇಟ್ಟಿದ್ದ ಆ ಕೋಣೆಯಲ್ಲಿ.
ಮೂವತ್ತೊಂದು ವರ್ಷ ತೂಗಿದವನು ಹೇಳುತ್ತೇನೆ:
ತೂಗುವ ಚಟ ಹೊಸ್ತಿಲಲ್ಲೇ ಬಿಟ್ಟು ಒಳಗೆ ಹೋಗು.

ಮೊದಲು ಕುರ್ಚಿ ತಿರುಗಿಸು.
ಎದುರುಬದುರು ಕೂತರೆ ಟಗರು.
ಅಕ್ಕಪಕ್ಕ ಕೂರಿಸು, ಇಬ್ಬರಿಗೂ ಕಿಟಕಿ ಕಾಣಲಿ,
ಕಿಟಕಿಯಾಚೆ ನುಗ್ಗೆಮರ,
ಮರದ ನೆರಳಲ್ಲಿ ಇಬ್ಬರ ಚಪ್ಪಲಿಯೂ.

ಬಂದ ಕೂಡಲೇ ಟೀ ತರಿಸಬೇಡ.
ಕೂಗಾಡಿ ಒಬ್ಬರ ಗಂಟಲಾದರೂ ಒಣಗಲಿ,
ಆಮೇಲೆ ನಯಾಜನ ಅಂಗಡಿಗೆ ಹೇಳಿಕಳಿಸು:
ಎರಡಲ್ಲ, ಬೈ ಟೂ.
"ನನ್ನ ಲೋಟಕ್ಕೆ ಕಮ್ಮಿ ಬಂತು" ಅಂತ ಯಾರಾದರೂ ನಕ್ಕರೆ
ಆವತ್ತಿನ ಮಟ್ಟಿಗೆ ಅರ್ಧ ಕೆಲಸ ಮುಗಿಯಿತು.

ನೀನು ಸರಿ ಅನ್ನಬೇಡ, ನೀನು ತಪ್ಪು ಅನ್ನಬೇಡ.
"ಹೌದಾ" ಅನ್ನು. "ಆಮೇಲೆ?" ಅನ್ನು.
ಕಾನೂನು ಓದಿದವರು ಈ ಎರಡು ಮಾತಿಗೆ ನಗುತ್ತಾರೆ,
ನಗಲಿ.

ಮೇಲೂರಿನ ಪಿಲ್ಲಮ್ಮನ ಕತೆ ನಿನಗೆ ಗೊತ್ತಿರುವುದು ಅರ್ಧ.
ಐವತ್ತೆಂಟು ಕಿಲೋ ಗೂಡು ತಂದಿದ್ದಳು,
ಹಿಡಿದವನು ರೀಲರ್ ಅಮ್ಜದ್ ಪಾಷ.
ಮೂರು ಕಿಲೋ ಮುರಿದ.
"ನೀರು ಚಿಮುಕಿಸಿ ತಂದಿದ್ದಾಳೆ" ಅಂದ,
ಹರಾಜಿನ ಹೊತ್ತು, ಜಾಲರಿಗಳ ನಡುವೆ
ಊರೆಲ್ಲ ಓಡಾಡುವಾಗ.

ಎರಡು ವರ್ಷ.
ಅವಳು ರಾಮನಗರದ ತನಕ ಗೂಡು ಹೊತ್ತಳು,
ಇಲ್ಲಿ ಇಳಿಸಲಿಲ್ಲ.
ಅವನು ಮೇಲೂರಿನವರ ಗೂಡು ಅಂದರೆ
ಮುಖ ತಿರುಗಿಸಿ ನಡೆದ.

ನಾನು ಜಾಣ, ಲೆಕ್ಕ ಹಾಕಿದೆ:
ಮೂರು ಕಿಲೋ, ಅಂದಿನ ರೇಟು,
ಸಾವಿರದ ಮುನ್ನೂರೈವತ್ತು.
ಅವನಿಂದ ಈಸಿಕೊಂಡು ಮೇಜಿನ ಮೇಲಿಟ್ಟೆ.
ಪಿಲ್ಲಮ್ಮ ಅದನ್ನು ಬೆರಳ ತುದಿಯಲ್ಲಿ ತಳ್ಳಿದಳು,
ತಟ್ಟೆಯಿಂದ ಸತ್ತ ಹುಳ ತಳ್ಳುವ ಹಾಗೆ.

ಅಲ್ಲಿ ನಾನು ಸೋತೆ. ಇದನ್ನೂ ಬರೆದುಕೋ.
ಏನು ಬೇಕೆಂದು ಕೇಳದೆ ಕೊಟ್ಟದ್ದು
ನ್ಯಾಯ ಅನ್ನಿಸಲಿಲ್ಲ ಅವಳಿಗೆ, ಭಿಕ್ಷೆ ಅನ್ನಿಸಿತು.

ಮತ್ತೆ ಕರೆದೆ, ಈ ಸಲ ಬೇರೆ ಬೇರೆ ದಿನ.
"ನಿನ್ನದು ಏನು ಕಳೆದುಹೋಯಿತಮ್ಮ?"
ಬಹಳ ಹೊತ್ತು ಸುಮ್ಮನಿದ್ದಳು. ಫ್ಯಾನು ಕಿರುಗುಟ್ಟುತ್ತಿತ್ತು.
(ಆ ಸುಮ್ಮನೆಯನ್ನು ತುಂಬಲು ಹೋಗಬೇಡ, ಮುನಿರತ್ನ,
ಕೈ ಕಟ್ಟಿ ಕೂತಿರು.)
"ನಾಲ್ಕನೇ ಜ್ವರ ಎದ್ದಮೇಲೆ ಬಿಡದೆ ಮಳೆ, ಸ್ವಾಮಿ.
ಒಂದೊಂದು ಎಲೆ ಸೆರಗಲ್ಲಿ ಒರೆಸಿ ಹಾಕಿದೀನಿ.
ಆ ಗೂಡಿಗೆ ನೀರು ಅಂದ."

ಅವನನ್ನೂ ಅದೇ ಕೇಳಿದೆ.
ಅದರ ಹಿಂದಿನ ವಾರ ಯಾರೋ ಒದ್ದೆ ಗೂಡು ತಗುಲಿಸಿದ್ದರಂತೆ,
ಎಳೆ ತುಂಡು ತುಂಡು,
ಬಿಚ್ಚುವ ಹೆಂಗಸರ ಕೂಲಿ ಹೆಂಡತಿಯ ಓಲೆಯಿಂದ ಬಂತಂತೆ.
ಯಾರದೋ ನೀರು,
ಇವಳ ಜಾಲರಿಯ ಮೇಲೆ ಚೆಲ್ಲಿದ್ದ.

"ತಪ್ಪಾಯ್ತು ಅಂತೀಯಾ?"
"ಅಷ್ಟು ಜನರೆದುರು ನಾಲಿಗೆ ಏಳಲ್ಲ, ಅಣ್ಣ."
ಬಲವಂತ ಮಾಡಲಿಲ್ಲ ನಾನು.
ಬಲವಂತದ ಕ್ಷಮೆಯೇ ಒದ್ದೆ ಗೂಡು:
ತೂಕ ಜಾಸ್ತಿ, ನೂಲು ಬರದು.
ಬಾಯಿಗೆ ಬಾರದ್ದು ಕೈಗೆ ಬರುತ್ತದೇನೋ ನೋಡು, ಅಂದೆ.

ಅವಳ ಮುಂದಿನ ಬೆಳೆ, ಒಂದು ಬುಧವಾರ.
ಅದೇ ಸಾಲು, ಅದೇ ಕಂಬದ ಪಕ್ಕ.
ಗಂಟೆ ಇನ್ನೂ ಹೊಡೆದಿರಲಿಲ್ಲ, ಅಮ್ಜದ್ ಬಂದ,
ತೋಳು ಮಡಚಿದ,
ಮೊಣಕೈ ಮುಳುಗುವ ತನಕ ಗೂಡಿನೊಳಗೆ ಕೈ ಇಳಿಸಿದ,
ತೆಗೆದ, ಅಂಗೈ ಅರಳಿಸಿ
ನೆರೆದವರಿಗೆಲ್ಲ ಕಾಣುವಂತೆ ಎತ್ತಿ ಹಿಡಿದ.

ಒಣ.

ಪಿಲ್ಲಮ್ಮ ಸೆರಗು ಸರಿಮಾಡಿಕೊಂಡಳು, ಅಷ್ಟೆ.
ರೇಟಿನಲ್ಲಿ ಮಾತ್ರ ಅವನಿಗೆ
ಐದು ರೂಪಾಯಿಯನ್ನೂ ಬಿಡಲಿಲ್ಲ.

ಪುಸ್ತಕದಲ್ಲಿ "ರಾಜಿ" ಅಂತ ಬರೆದು ಗೆರೆ ಎಳೆಯಬೇಡ,
ಕೆಳಗೆ ನಾಲ್ಕು ಸಾಲು ಜಾಗ ಬಿಡು,
ಅವರು ಮತ್ತೆ ಜಗಳ ಆಡಬಹುದು.

ತಗೋ, ಕೀಲಿ.
ಆ ಬಾಗಿಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ,
ಒದೆಯಬೇಡ.
ಸ್ವಲ್ಪ ಎತ್ತಿ ತಳ್ಳು.