ಚಕ್ರವರ್ತಿ ಸೊಪ್ಪು

ಕೆಂಟಕಿಯ ಸ್ಟಾಂಟನ್ನಿನಲ್ಲಿ, ಹಳೆಯ ಅಂಚೆಕಚೇರಿಯ ಹಿಂಗೋಣೆ.
ಬಂಡೆಯಡಿಯಿಂದ ತಂದ ಬೂದಿಮಣ್ಣನ್ನು
ಒಲೀಟಾ ಟ್ಯಾಕೆಟ್ ಡ್ರಮ್ಮಿನ ನೀರಿಗೆ ಸುರಿಯುತ್ತಾಳೆ.
ಮಣ್ಣು ಮುಳುಗುತ್ತದೆ, ಇದ್ದಿಲಾದದ್ದು ತೇಲುತ್ತದೆ.
ಟೀ ಸೋಸುವ ಜಾಲರಿಯಲ್ಲಿ ಎತ್ತಿ
ನನ್ನ ಮಸೂರದ ಕೆಳಗಿಡುತ್ತಾಳೆ.

ಸಾಸಿವೆಗಿಂತ ಸಣ್ಣದು.
ಮೂರು ಸಾವಿರ ವರ್ಷದ ಹಿಂದೆ ಯಾರದೋ ಕೈಜಾರಿ
ಒಲೆಗೆ ಬಿದ್ದದ್ದಕ್ಕೇ ಉಳಿದದ್ದು.
ಉಂಡದ್ದೆಲ್ಲ ಹೋಯಿತು.

ಸಿಪ್ಪೆ ಅಳೆಯುತ್ತೇನೆ: ಹದಿನಾಲ್ಕು ಮೈಕ್ರಾನ್.
ಕಾಡಿನದಾದರೆ ಐವತ್ತರ ಸುಮಾರು ಇರಬೇಕು.
ಮೊದಲ ಮಳೆಯನ್ನು ನಂಬದೆ, ಎರಡನೆಯದನ್ನೂ ನಂಬದೆ
ನೆಲದೊಳಗೆ ವರ್ಷಗಟ್ಟಲೆ ಕೂರುವ ಜಾತಿ ಅದು.
ಇದು ಕೂರಲಿಲ್ಲ.
ಬಿತ್ತಿದ ವಾರಕ್ಕೇ ಎದ್ದದ್ದನ್ನು
ಒಬ್ಬಳು ಕೀಳದೆ ಬಿಟ್ಟಳು,
ಅದರ ಬೀಜವನ್ನೇ ಸೋರೆಬುರುಡೆಗೆ ತುಂಬಿದಳು,
ಅವಳ ಮಗಳೂ, ಮೊಮ್ಮಗಳೂ, ಮರಿಮಗಳೂ.
ಸಿಪ್ಪೆ ತೆಳುವಾಗುತ್ತ ಬಂತು,
ಇಬ್ಬರಿಗೂ ತಿಳಿಯದ ಹಾಗೆ.

ಆಮೇಲೆ ಮೆಕ್ಕೆಜೋಳ ಬಂತು.
ಕೈ ಅತ್ತ ತಿರುಗಿತು.
ಕಾಯುವುದನ್ನು ಮರೆತಿದ್ದ ಬೀಜ
ಒಂದು ಚಳಿಗಾಲವನ್ನೂ ಕಾಯಲಾರದೆ ಹೋಯಿತು.

"ನಿಮ್ಮ ಕಡೆ ಇದಕ್ಕೇನಂತಾರೆ?" ಒಲೀಟಾ ಕೇಳಿದಳು.
ಇದರ ದಾಯಾದಿಗೆ ಚಕ್ರವರ್ತಿ ಸೊಪ್ಪು ಅಂತೇವೆ, ಎಂದೆ.
ಬೇಳೆ ಹಾಕಿ ಹುಳಿ ಮಾಡ್ತೇವೆ.
"ಚಕ್ರವರ್ತಿ!" ಕೆಮ್ಮು ಬರುವಷ್ಟು ನಕ್ಕು
ಕಾರು ನಿಲ್ಲಿಸುವ ಜಾಗಕ್ಕೆ ಕರೆದೊಯ್ದಳು.
ಸಿಮೆಂಟಿನ ಬಿರುಕಲ್ಲಿ ಮೊಣಕಾಲೆತ್ತರ,
ಎಲೆಯ ಮೇಲೆ ಹಿಟ್ಟು ಚೆಲ್ಲಿದಂಥ ಬಿಳುಪು.
"ಪ್ರತಿ ಜೂನಿಗೂ ವಿಷ ಹೊಡೀತೀನಿ ಇವರಿಗೆ."
ಹೇಳುತ್ತಲೇ ಹುಳಿ ಮಾಡುವ ಬಗೆಯನ್ನು
ಅಂಗೈಯಲ್ಲಿ ಬರೆದುಕೊಂಡಳು,
ಬೇಳೆ ಎಷ್ಟು, ನೀರು ಎಷ್ಟು.

ಸಂಜೆ ಅದರದೊಂದು ಕಾಳು ಉಜ್ಜಿ ಅಳೆದೆ.
ಐವತ್ತೆರಡು.
ಒಳಗಿಂದ ಅಗುಳಿ.